ಗೃಹಸ್ಥರ ಪುಟ: ಪ್ರಯಾಣಕ್ಕೂ ಚಿತ್ರವೀಕ್ಷಣಕ್ಕೂ ಒಂದೇ ಲ್ಯಾಪ್‌ಟಾಪು

ಮನೆಗೆಲ್ಲ ಒಂದೇ ಲ್ಯಾಪ್‌ಟಾಪನ್ನು ಕೊಳ್ಳತಕ್ಕ ಗೃಹಸ್ಥರು ನಮ್ಮಲ್ಲಿ ಬಹುಮಂದಿ. ಮಗಳು ಅದನ್ನು ಕಾಲೇಜಿಗೆ ಕೊಂಡೊಯ್ಯಬೇಕು; ಹಬ್ಬಕ್ಕೆ ಊರಿಗೆ ಬಂದಾಗ ಮನೆಮಂದಿಯೆಲ್ಲ ಅದರಲ್ಲಿಯೇ ಚಲಚ್ಚಿತ್ರವನ್ನು ನೋಡಬೇಕು. ರಾಮನಗರ, ಕನಕಪುರಗಳ ಕಡೆಯ ರೇಷ್ಮೆ ಬೆಳೆಗಾರನಿಗಾದರೋ ಇದು ಒಂದು ಬೆಳೆಯ ಗೂಡಿನ ಹಣವನ್ನೇ ನುಂಗಬಲ್ಲ ಖರ್ಚು. ಆದುದರಿಂದ ಅಂಗಡಿಯವನ ಮಾತನ್ನಾಗಲಿ ನೆರೆಮನೆಯವರ ವೈಭವವನ್ನಾಗಲಿ ಪ್ರಮಾಣವಾಗಿ ಹಿಡಿಯದೆ, ಪ್ರಯೋಜನವನ್ನು ಮೊದಲು ನಿಶ್ಚಯಿಸಿಕೊಂಡು ಅನಂತರ ವಸ್ತುವನ್ನು ಹುಡುಕುವುದೇ ವಿವೇಕ.

ಮೊದಲನೆಯ ಪ್ರಯೋಜನ ಪ್ರಯಾಣ. ರಾಮನಗರ, ಚನ್ನಪಟ್ಟಣಗಳು ಬೆಂಗಳೂರು-ಮೈಸೂರು ರೈಲುಮಾರ್ಗದಲ್ಲಿವೆ. ಕನಕಪುರ, ಮಾಗಡಿಗಳವರಿಗೆ ಬಸ್ಸೇ ಗತಿ. ಎರಡು ಕಿಲೋ ಭಾರವು ಅಂಗಡಿಯ ಮೇಜಿನ ಮೇಲೆ ಅಲ್ಪವೆಂದು ತೋರೀತು. ಮೆಜೆಸ್ಟಿಕ್ಕಿನಲ್ಲಿ ಇಳಿದು ಮತ್ತೊಂದು ಬಸ್ಸಿಗೆ ಓಡುವ ವಿದ್ಯಾರ್ಥಿನಿಯ ಹೆಗಲಿಗೆ ಅದು ಅಲ್ಪವಲ್ಲ. ಹದಿನಾಲ್ಕು ಅಂಗುಲದ ಪರದೆಯುಳ್ಳ, ಒಂದೂವರೆ ಕಿಲೋವನ್ನು ಮೀರದ ಯಂತ್ರವೇ ಲೇಸು. ತೂಗುವಾಗ ಚಾರ್ಜರನ್ನೂ ಕೂಡಿಸಿ ತೂಗತಕ್ಕದ್ದು.

ಬ್ಯಾಟರಿಯ ಶಕ್ತಿಯನ್ನು ವ್ಯಾಟ್-ಗಂಟೆಗಳಲ್ಲಿ ಬರೆದಿರುತ್ತಾರೆ. ಲೆಕ್ಕವು ಸುಲಭವಾದದ್ದು: ಐವತ್ತು ವ್ಯಾಟ್-ಗಂಟೆಯ ಬ್ಯಾಟರಿಯುಳ್ಳ ಯಂತ್ರವು ಚಿತ್ರವನ್ನು ತೋರಿಸುವಾಗ ಹತ್ತು ವ್ಯಾಟು ಖರ್ಚುಮಾಡಿದರೆ ಐದು ಗಂಟೆ ನಡೆಯುತ್ತದೆ. ಪರದೆಯ ಬೆಳಕನ್ನು ಹೆಚ್ಚಿಸಿದಂತೆ ಈ ಅವಧಿ ಕುಗ್ಗುತ್ತದೆ. ವರ್ಷಗಳು ಕಳೆದಂತೆ ಬ್ಯಾಟರಿಯೇ ಸೊರಗುತ್ತದೆ. ಆದಕಾರಣ ಜಾಹೀರಾತು ಹೇಳುವ ಗಂಟೆಗಳಲ್ಲಿ ಅರ್ಧವನ್ನು ಮಾತ್ರ ನಂಬುವುದು ಕ್ಷೇಮ. ರೈಲಿನ ಬೋಗಿಗಳ ಪ್ಲಗ್ಗಿನಲ್ಲಿ 110 ವೋಲ್ಟಿನ ವಿದ್ಯುತ್ತು ಬರುವುದುಂಟಾದುದರಿಂದ ಚಾರ್ಜರಿನ ಮೇಲೆ 100-240 ಎಂದು ಬರೆದಿದೆಯೇ ಎಂದು ನೋಡಿಕೊಳ್ಳಬೇಕು.

ಇನ್ನು ಚಿತ್ರವೀಕ್ಷಣ. ಈ ಪ್ರಾಂತದ ಬೆಟ್ಟಗಳನ್ನು ಲೋಕವು ಚಲಚ್ಚಿತ್ರಗಳಲ್ಲಿಯೇ ಕಂಡಿದೆ. 1975ರಲ್ಲಿ ತೆರೆಕಂಡ ‘ಶೋಲೆ’ಯ ರಾಮಗಢವು ರಾಮನಗರದ ಬಂಡೆಗಳ ನಡುವೆ ಎದ್ದ ಹಳ್ಳಿ, 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗವಿಗಳ ದೃಶ್ಯಗಳಿಗೆ ಮಾಗಡಿಯ ಸಾವನದುರ್ಗವೂ ಒದಗಿತು. ‘ಶೋಲೆ’ಯನ್ನು ಎಪ್ಪತ್ತು ಮಿಲಿಮೀಟರಿನ ಅಗಲವಾದ ಚಿತ್ರವಾಗಿ ತೋರಿಸಿದರು. ಅಂತಹ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಮೇಲೂ ಕೆಳಗೂ ಕಪ್ಪು ಪಟ್ಟಿ ಉಳಿಯುತ್ತದೆ. ಅದು ಯಂತ್ರದ ದೋಷವಲ್ಲ. ಪರದೆಗಳಲ್ಲಿ 16:9, 16:10 ಎಂದು ಎರಡು ಪ್ರಮಾಣಗಳು ಸಾಮಾನ್ಯ. ಮೊದಲನೆಯದು ಚಿತ್ರಕ್ಕೂ, ಹೆಚ್ಚು ಎತ್ತರವುಳ್ಳ ಎರಡನೆಯದು ಓದುಬರೆಹಕ್ಕೂ ಅನುಕೂಲ. ಹದಿನಾಲ್ಕು ಅಂಗುಲದ ಪರದೆಗಳಲ್ಲಿ ಇವೆರಡರ ಅಗಲಕ್ಕೂ ಇರುವ ವ್ಯತ್ಯಾಸ ಸುಮಾರು ಮೂರನೆಯ ಒಂದಂಗುಲ ಮಾತ್ರ. ಚಿತ್ರಕ್ಕೆ ಆಗುವ ನಷ್ಟ ಇಷ್ಟೇ ಆದುದರಿಂದ ಮಗಳ ಓದಿಗೆ ಒದಗುವ 16:10 ಅನ್ನೇ ನಿಶ್ಚಿಂತೆಯಾಗಿ ಆರಿಸಬಹುದು.

ಪರದೆಯು ಐಪಿಎಸ್ ಜಾತಿಯದಾಗಿದ್ದರೆ ಪಕ್ಕದಲ್ಲಿ ಕುಳಿತ ಅಜ್ಜಿಗೂ ಬಣ್ಣ ಕೆಡದೆ ಕಾಣುತ್ತದೆ. ಒಎಲ್‌ಇಡಿ ಪರದೆಯಲ್ಲಿ ಕಪ್ಪು ನಿಜವಾಗಿ ಕಪ್ಪಾಗಿರುತ್ತದೆ. ಆದರೆ ಹೊಳಪು ಮೈಯಾದಾಗ ಬಸ್ಸಿನ ಕಿಟಕಿಯೆಲ್ಲ ಅದರಲ್ಲಿ ಪ್ರತಿಬಿಂಬಿಸುತ್ತದೆ. ಬೆಳಕು 300 ನಿಟ್ಸಿಗೆ ಕಡಿಮೆಯಿರಬಾರದು. ಹಗಲು ಪ್ರಯಾಣಕ್ಕೆ 400 ಇದ್ದರೆ ಉತ್ತಮ.

ಗೂಡಿನ ಮಾರುಕಟ್ಟೆಯಲ್ಲಿ ರೀಲರು ರಾಶಿಗೆ ಕೈಯಿಟ್ಟು ನೋಡಿಯೇ ಬೆಲೆ ಕಟ್ಟುತ್ತಾನೆ. ನಾವೂ ಅಂಗಡಿಯಲ್ಲಿ ಸ್ಥಾಲೀಪುಲಾಕ ನ್ಯಾಯವನ್ನು ಅನುಸರಿಸಿ, ಒಂದು ಅಗುಳನ್ನು ಹಿಸುಕಿ ಅನ್ನವನ್ನು ತಿಳಿಯುವಂತೆ, ಒಂದು ದೃಶ್ಯದಿಂದ ಪರದೆಯನ್ನು ಪರೀಕ್ಷಿಸಬಹುದು. ‘ಶೋಲೆ’ಯಲ್ಲಿ ವಿಧವೆ ರಾಧಾ ರಾತ್ರಿ ದೀಪಗಳನ್ನು ಆರಿಸುವ ದೃಶ್ಯವನ್ನು ಹಾಕಿಸಿ, ಪಕ್ಕಕ್ಕೆ ಸರಿದು ನಿಂತು ನೋಡಿರಿ. ಕತ್ತಲೆಯೂ ಮುಖವೂ ಬೇರೆಬೇರೆಯಾಗಿ ಕಂಡರೆ ಪರದೆ ಒಳ್ಳೆಯದು. ಎಲ್ಲವೂ ಬೂದಿಯ ಬಣ್ಣಕ್ಕೆ ತಿರುಗಿದರೆ ಅಲ್ಲ.

ಆಟಗಳಿಗಾಗಿ ಮಾಡಿದ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಚಿತ್ರ ನೋಡುವುದಕ್ಕೆ ಬೇಕಿಲ್ಲ. ವ್ಯಾಸಂಗವು ಬೇಡಿದರೆ ಮಾತ್ರ ಅದಕ್ಕೆ ಹಣ ಕೊಡಬೇಕು. ಮುಂದೆ ರ್‍ಯಾಮನ್ನು ಹೆಚ್ಚಿಸಲು ಅವಕಾಶವಿಲ್ಲದ ಯಂತ್ರವಾದರೆ ಈಗಲೇ 16 ಜಿಬಿ ಇರುವುದನ್ನು ಕೊಳ್ಳುವುದು ಜಾಣತನ.

ಒಂದು ಎಚ್ಚರಿಕೆ. ದಾರಿಯಲ್ಲಿ ಸಂಪರ್ಕ ತಪ್ಪುವುದರಿಂದ ಚಿತ್ರವನ್ನು ಮುಂಚಿತವಾಗಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕಷ್ಟೆ. ಆದರೆ ಚಂದಾ ಪಡೆಯುವ ಎಲ್ಲ ಸಂಸ್ಥೆಗಳೂ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಅವಕಾಶ ಕೊಡುವುದಿಲ್ಲ. ನೆಟ್‌ಫ್ಲಿಕ್ಸ್ 2024ರಲ್ಲಿ ತನ್ನ ವಿಂಡೋಸ್ ಆ್ಯಪಿನಿಂದ ಈ ಸೌಕರ್ಯವನ್ನು ತೆಗೆದುಹಾಕಿತು. ತಮ್ಮ ಚಂದಾದ ನಿಯಮವನ್ನು ವಿಚಾರಿಸದೆ ಕೊಂಡವರು ದಾರಿಯಲ್ಲಿ ಬರಿಯ ಪರದೆಯನ್ನು ನೋಡುತ್ತ ಕುಳಿತಾರು.

ಕಡೆಯದಾಗಿ, ಹಣ ಕೊಡುವವರು ಒಬ್ಬರೇ ಅಂಗಡಿಗೆ ಹೋಗಬಾರದು. ಹೊರುವವಳು ಮಗಳು; ಅವಳು ಅದನ್ನು ಚೀಲದಲ್ಲಿಟ್ಟು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ನಡೆದು ಒಪ್ಪಿದ ಮೇಲೆ ತಂದೆ ಹಣವನ್ನು ಎಣಿಸಲಿ.