ಮೈ ಇಳಿಯುವುದಕ್ಕೂ ಚಿಕಿತ್ಸೆ ಬೇಕು: ಆರೋಗ್ಯ ಸಚಿವರಿಗೆ ಬೇಲೂರಿನಿಂದ ಒಂದು ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಕ್ಯಾನ್ಸರ್ ಬಂದವರು ಸೊರಗಿದರೆ ನಮ್ಮ ಬೇಲೂರಿನ ಕಡೆ ಇವತ್ತಿಗೂ ಊಟದ ಮೇಲೇ ತಪ್ಪು ಹೊರಿಸುತ್ತಾರೆ. ‘ತಿಂದರೆ ತಾನೇ ಮೈ ಹಿಡಿಯೋದು’ ಎಂದು ನೋಡಲು ಬಂದ ನೆಂಟರು ಹೇಳಿಹೋಗುತ್ತಾರೆ. ನಮ್ಮ ಬೀದಿಯಲ್ಲಿ ಹೊಟ್ಟೆಯ ಕ್ಯಾನ್ಸರ್ ಆಗಿದ್ದ ಹಿರಿಯರೊಬ್ಬರು ಉಂಗುರ ಜಾರದಿರಲೆಂದು ಅದಕ್ಕೆ ನೂಲು ಸುತ್ತಿಕೊಂಡಿದ್ದರು. ತಿಂಗಳು ಕಳೆದಂತೆ ಆ ಸುತ್ತು ದಪ್ಪವಾಗುತ್ತಾ ಹೋಯಿತು. ಅವರ ಹೆಂಡತಿ ಮುದ್ದೆ ಬಿಟ್ಟು ರಾಗಿ ಗಂಜಿ ಕಾಯಿಸಿದರು, ಗಂಜಿಯನ್ನೂ ತೆಳ್ಳಗೆ ಮಾಡಿದರು. ಕೊನೆಗೆ ತಮ್ಮ ಕೈಯಡುಗೆಯನ್ನೇ ಹಳಿದುಕೊಂಡರು. ಇದು ರೋಗದ್ದೇ ಒಂದು ಭಾಗ ಎಂದು ಆ ತಾಯಿಗೆ ಯಾರೂ ಹೇಳಿರಲಿಲ್ಲ.

ವೈದ್ಯರು ಇದನ್ನು ಕ್ಯಾಕೆಕ್ಸಿಯಾ ಎನ್ನುತ್ತಾರೆ. ಆರು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು ತೂಕ ಕಳೆದುಕೊಂಡರೆ ಅದು ಕ್ಯಾಕೆಕ್ಸಿಯಾ ಎಂದು 2011ರಲ್ಲೇ ಅಂತರರಾಷ್ಟ್ರೀಯ ತಜ್ಞರು ನಿಗದಿ ಮಾಡಿದ್ದಾರೆ. 60 ಕೆ.ಜಿ. ಇರುವವರಿಗೆ ಅದು ಬರೀ 3 ಕೆ.ಜಿ. ಗಡ್ಡೆ ಎಬ್ಬಿಸುವ ಉರಿಯೂತ ಹಸಿವನ್ನು ಕೊಂದು ಸ್ನಾಯುಗಳನ್ನು ಕರಗಿಸುತ್ತದೆ. ಬಲವಂತವಾಗಿ ಉಣ್ಣಿಸಿ ಅವನ್ನು ಪೂರ್ತಿ ಮರಳಿ ತರಲಾಗದು.

ಈಚೆಗೆ ಇದರ ಒಂದು ದಾರಿ ಕಂಡಿದೆ. ಮಿದುಳಿನಿಂದ ಹೊರಟು ಕುತ್ತಿಗೆಯ ಮೂಲಕ ಹೊಟ್ಟೆಗಿಳಿಯುವ ವೇಗಸ್ ನರದ ಸಂಕೇತಗಳು ಉರಿಯೂತದಿಂದ ಕೆಟ್ಟು, ಯಕೃತ್ತಿನ ಕೆಲಸ ಹದಗೆಟ್ಟು ದೇಹ ಸವೆಯುತ್ತದೆ ಎಂದು 2025ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಹೇಳಿತು. ಕುತ್ತಿಗೆಯ ಬಲಬದಿಯಲ್ಲಿ ಆ ನರವನ್ನು ತಡೆದಾಗ ಇಲಿಗಳು ಸೊರಗುವುದು ತಗ್ಗಿತು. ಶಸ್ತ್ರಚಿಕಿತ್ಸೆಯೇ ಬೇಡ, ಚರ್ಮದ ಮೇಲಿಂದ ತಡೆಯೊಡ್ಡುವ ಸಾಧನವೂ ಫಲ ಕೊಟ್ಟಿತು. ಆದರೆ ಇದೇ ನರವನ್ನು ಹೊಟ್ಟೆಯ ಬಳಿ ತಡೆಯುವ ಸಾಧನಕ್ಕೆ ಅಮೆರಿಕ 2015ರಲ್ಲಿ ಒಪ್ಪಿಗೆ ಕೊಟ್ಟಿದ್ದು ಬೊಜ್ಜು ಇಳಿಸಲು! ಹಾಗಾಗಿ ಎಲ್ಲಿ, ಯಾವ ಬದಿ, ಎಷ್ಟು ಹೊತ್ತು ಎಂಬುದನ್ನು ಮನುಷ್ಯರಲ್ಲಿ ಬಹಳ ಎಚ್ಚರದಿಂದ ಪರೀಕ್ಷಿಸಬೇಕು. ಆ ಪರೀಕ್ಷೆಗಳಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯೂ ಇರಬೇಕೆಂಬುದು ನನ್ನ ಆಸೆ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಪುದುಚೇರಿಯ ಜಿಪ್‌ಮರ್ ವೈದ್ಯರು 124 ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಗಿದೆ. ಕಿಮೋಥೆರಪಿಯ ಜೊತೆಗೆ 12 ವಾರ ದಿನಕ್ಕೆ 2.5 ಮಿ.ಗ್ರಾಂ. ಒಲಾಂಜಪಿನ್ ಪಡೆದವರಲ್ಲಿ ಶೇ 60 ಮಂದಿಯ ತೂಕ ಶೇ 5ಕ್ಕಿಂತ ಹೆಚ್ಚು ಏರಿತು. ಹುಸಿಮಾತ್ರೆ ಪಡೆದವರಲ್ಲಿ ಹಾಗಾದದ್ದು ಶೇ 9 ಮಂದಿಗೆ ಮಾತ್ರ. ಅದೇ ವರ್ಷ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ತನ್ನ ಮಾರ್ಗಸೂಚಿಯಲ್ಲಿ ಒಲಾಂಜಪಿನ್ ಅನ್ನು ಸೇರಿಸಿಕೊಂಡಿತು. ಮಾನಸಿಕ ಕಾಯಿಲೆಗೆ ಕೊಡುವ ಹಳೆಯ, ಅಗ್ಗದ ಮಾತ್ರೆ ಅದು. ನಮ್ಮ ದೇಶದ್ದೇ ಆದ ಈ ಜ್ಞಾನ ನಮ್ಮ ತಾಲ್ಲೂಕಿಗೆ ಇನ್ನೂ ಬರಬೇಕಾಗಿದೆ.

ನೀವು ಮಾಡಬಹುದಾದದ್ದು ಇಷ್ಟು. ಔಷಧದ ಪ್ರಮಾಣ ಲೆಕ್ಕ ಹಾಕಲು ಕಿಮೋಥೆರಪಿಗೆ ಮುಂಚೆ ರೋಗಿಯ ತೂಕವನ್ನು ಹೇಗೂ ಬರೆಯುತ್ತಾರೆ. 2025ರಲ್ಲಿ ನಿಮ್ಮ ಇಲಾಖೆ ಜಿಲ್ಲಾ ಆಸ್ಪತ್ರೆಗಳಲ್ಲಿ ಶುರುಮಾಡಿದ ಡೇ ಕೇರ್ ಕಿಮೋಥೆರಪಿ ಕೇಂದ್ರಗಳಲ್ಲಿ ಆ ಅಂಕಿಯನ್ನು ಹಿಂದಿನದರ ಜೊತೆ ಹೋಲಿಸುವುದನ್ನು ಕಡ್ಡಾಯ ಮಾಡಿ. ಶೇ 5 ಇಳಿದ ಕೂಡಲೇ ಆಹಾರ ತಜ್ಞರೂ ವೈದ್ಯರೂ ರೋಗಿಯನ್ನು ನೋಡಲಿ, ಮಾತ್ರೆ ಹೊಂದುವುದೋ ಇಲ್ಲವೋ ತೀರ್ಮಾನಿಸಲಿ. ಮುಂದಿನ ತೂಕ, ಮಾತ್ರೆ, ಸಲಹೆ ಬೇಲೂರು, ಅರಸೀಕೆರೆಯಂಥ ತಾಲ್ಲೂಕು ಆಸ್ಪತ್ರೆಗಳಲ್ಲೇ ಸಿಗಲಿ. ಎದ್ದು ಕೂರಲೂ ಆಗದವರನ್ನು ಇಷ್ಟಕ್ಕಾಗಿ ಹಾಸನದ ಬಸ್ಸು ಹತ್ತಿಸಬೇಡಿ. ಈ ವರ್ಷವೇ ಒಂದು ಸುತ್ತೋಲೆ ಹೊರಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಬೇಲೂರಿನ ಒಬ್ಬ ನಾಗರಿಕ