ಹಿಂದಿನ ರೂಮಿಗೂ ಒಂದು ನಿಯಮ ಬೇಕು

ಮೂರನೇ ಸೆಮಿಸ್ಟರ್‌ನಿಂದ ನಾನು, ನನ್ನ ಗೆಳೆಯ ಇಬ್ಬರೂ ಇರೋದು ಬೆಂಗಳೂರಿನ ಒಂದು ಮನೆಯ ಹಿಂದಿನ ಸಿಂಗಲ್ ರೂಮಿನಲ್ಲಿ. ಮುಂದೆ ಓನರ್ ಅಜ್ಜಿಯ ಮನೆ, ಹಿಂದೆ ನಮ್ಮದು. ಕಿಟಕಿ ಇದೆ, ಆದರೆ ತೆಗೆದರೆ ಕಾಣೋದು ಒಂದೂವರೆ ಅಡಿ ದೂರದ ಕಾಂಪೌಂಡ್ ಗೋಡೆ. ಹಗಲಲ್ಲೂ ಲೈಟ್ ಹಾಕ್ಕೊಂಡೇ ಓದಬೇಕು. ಬಾಡಿಗೆ ಮಾತ್ರ ಸುತ್ತಮುತ್ತಲಿನ ಎಲ್ಲಾ ಪಿಜಿಗಳಿಗಿಂತ ಕಡಿಮೆ.

ಕಳೆದ ಸೆಮಿಸ್ಟರ್‌ನಲ್ಲಿ ಸೆಟ್‌ಬ್ಯಾಕ್ ಪಾಠ ಆಯ್ತು. ಗಾಳಿ, ಬೆಳಕು ಬರಲಿ, ಬೆಂಕಿ ಬಿದ್ದರೆ ಓಡಾಡೋಕೆ ದಾರಿ ಇರಲಿ ಅಂತ ಸೈಟಿನ ಗಡಿಯಿಂದ ಬಿಡುವ ಖಾಲಿ ಜಾಗ ಅದು. ಅವತ್ತೇ ಬಂದು ಟೇಪ್ ಹಿಡಿದು ಅಳೆದೆ. ನಾವು ಮಲಗೋದೇ ಸೆಟ್‌ಬ್ಯಾಕ್ ಮೇಲೆ! ರೂಮು 10 ಅಡಿಗೆ 8 ಅಡಿ, ಅಂದರೆ ಸುಮಾರು 7.4 ಚದರ ಮೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆ ಒಂದೇ ಇದ್ದರೆ ಕನಿಷ್ಠ 9.5 ಚದರ ಮೀಟರ್ ಇರಬೇಕು.

"ಅಜ್ಜಿ, ಈ ರೂಮು ಪ್ಲಾನ್‌ನಲ್ಲಿ ಇತ್ತಾ?" ಅಂತ ಕೇಳಿದೆ. "ಪ್ಲಾನಲ್ಲಿ ಎಲ್ಲಿ ಬಂತಪ್ಪಾ? ಯಜಮಾನ್ರು ಹೋದ್ಮೇಲೆ ಮೇಸ್ತ್ರಿಗೆ ಹೇಳಿ ಕಟ್ಟಿಸ್ದೆ. ನನ್ನ ಮಾತ್ರೆ, ಕರೆಂಟು ಬಿಲ್ಲು ಎಲ್ಲಾ ಈ ಬಾಡಿಗೆಯಲ್ಲೇ ನಡೀತಿರೋದು" ಅಂದರು. ಇನ್ನೇನು ಹೇಳೋದು? ರೂಮು ಒಡೆದರೆ ಅಜ್ಜಿಗೂ ಕಷ್ಟ, ನಮಗೂ ಕಷ್ಟ. ಹಾಗೇ ಬಿಟ್ಟರೆ ಒಂದು ಶಾರ್ಟ್ ಸರ್ಕ್ಯೂಟ್ ಸಾಕು.

ಇಲ್ಲಿವರೆಗೆ ನಮ್ಮ ಸರ್ಕಾರಗಳು ಹುಡುಕಿದ ದಾರಿ ‘ಅಕ್ರಮ-ಸಕ್ರಮ’. ಮೊದಲು ಕಟ್ಟಿ, ಆಮೇಲೆ ದಂಡ ಕಟ್ಟಿ. ವಾಸದ ಕಟ್ಟಡಕ್ಕೆ ಶೇ. 50ರವರೆಗಿನ ಉಲ್ಲಂಘನೆಯನ್ನು ಮನ್ನಿಸುವ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ದಂಡ ಕಟ್ಟಿದರೆ ರಸೀದಿ ಸಿಗುತ್ತೆ, ಕಿಟಕಿಗೆ ಬೆಳಕು ಬರುತ್ತಾ? 2024ರ ಡಿಸೆಂಬರ್‌ನಲ್ಲಿ ಅದೇ ಕೋರ್ಟ್, ಸ್ವಾಧೀನಾನುಭವ ಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ಕರೆಂಟ್, ನೀರಿನ ಸಂಪರ್ಕ ಕೊಡಬಾರದು ಎಂದಿತು. ಅಂದರೆ ಕಣ್ಣು ಮುಚ್ಚಿಕೊಂಡಿರೋ ಕಾಲ ಮುಗೀತಾ ಬಂತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಕದ್ದುಮುಚ್ಚಿ ಕಟ್ಟಿದ ಹಿತ್ತಲ ಮನೆಗಳು, ಗ್ಯಾರೇಜ್ ಮನೆಗಳು ಬೇಕಾದಷ್ಟಿದ್ದವು. ಅಲ್ಲಿ ಕಾನೂನನ್ನೇ ಬದಲಿಸಿದರು. 2020ರಿಂದ ಪಕ್ಕ ಮತ್ತು ಹಿಂದೆ 4 ಅಡಿ ಬಿಟ್ಟು, 16 ಅಡಿ ಎತ್ತರದೊಳಗೆ ಕಟ್ಟುವ 800 ಚದರ ಅಡಿಯ ಎರಡನೇ ಮನೆಗೆ ಜಾಗದ ಅಳತೆಯ ನೆಪ ಹೇಳಿ ನಗರಾಡಳಿತ ಅಡ್ಡಿ ಮಾಡುವಂತಿಲ್ಲ. ಸರಿಯಾದ ಅರ್ಜಿಗೆ 60 ದಿನದಲ್ಲಿ ಉತ್ತರ ಕೊಡಬೇಕಿತ್ತು. ಇದ್ದ ಮನೆಯೊಳಗೇ 500 ಚದರ ಅಡಿಯವರೆಗೆ ಬೇರೆ ಮಾಡಿ ಚಿಕ್ಕ ಮನೆ ಮಾಡಿಕೊಳ್ಳೋಕೂ ಅವಕಾಶ ಇದೆ.

ಈ ಅಳತೆಗಳನ್ನ ನಮ್ಮ 30×40 ಸೈಟಿಗೆ ತಂದು ಅಂಟಿಸೋಕಾಗಲ್ಲ. ಆದರೆ ಆ ಕೊನೆಯ ಮಾತು ನೋಡಿ. ನಮ್ಮ ಅಜ್ಜಿಯ ಮನೆಯೊಳಗೆ ಎರಡು ರೂಮಿಗೆ ಬೀಗ ಬಿದ್ದಿದೆ, ಮಕ್ಕಳು ಬೇರೆ ಊರಲ್ಲಿದ್ದಾರೆ. ಪ್ಲಾನ್‌ನಲ್ಲಿರೋ, ಗಾಳಿ ಬೆಳಕು ಇರೋ ರೂಮು ಖಾಲಿ. ಪ್ಲಾನ್‌ನಲ್ಲಿಲ್ಲದ ಕತ್ತಲೆ ರೂಮಲ್ಲಿ ನಾವಿಬ್ಬರು!

ನನಗನ್ನಿಸೋದು ಇಷ್ಟು. ಒಂದು, ಓನರ್ ಅಲ್ಲೇ ವಾಸ ಇದ್ದರೆ ಮಾತ್ರ ಸೈಟಿಗೆ ಒಂದು ಹೆಚ್ಚುವರಿ ಚಿಕ್ಕ ಮನೆ. ಕ್ಯಾಲಿಫೋರ್ನಿಯಾ ಹಿತ್ತಲ ಮನೆಗಳಿಗೆ ಈ ಷರತ್ತನ್ನ ತೆಗೆದುಹಾಕಿದೆ, ನಮ್ಮಲ್ಲಿ ತೆಗೆದರೆ ಎಲ್ಲಾ ಪಿಜಿ ಆಗಿಬಿಡುತ್ತೆ. ಎರಡು, ಸೆಟ್‌ಬ್ಯಾಕ್ ಮುಟ್ಟಬಾರದು. ಮನೆಯನ್ನೇ ಭಾಗ ಮಾಡಲಿ, ಇಲ್ಲಾ ಮಹಡಿ ಮೇಲೆ ಕಟ್ಟಲಿ. ಕೋಣೆಯ ಅಳತೆ, ಬಯಲಿಗೆ ತೆರೆಯುವ ಕಿಟಕಿ, ಹೊರಗೆ ಓಡೋಕೆ ಬೇರೆ ದಾರಿ, ಈ ಮೂರರಲ್ಲಿ ರಾಜಿ ಬೇಡ. ಮೂರು, ಅರ್ಜಿ ಸುಲಭ ಆಗಲಿ. ಬೆಂಗಳೂರಲ್ಲಿ ‘ನಂಬಿಕೆ ನಕ್ಷೆ’ ಅಂತ ಆನ್‌ಲೈನ್ ಮಂಜೂರಾತಿ ಇದೆಯಲ್ಲ, ಅದರಲ್ಲೇ ಇಂಥ ಮನೆಗೆ ಸಿದ್ಧ ನಕ್ಷೆಗಳನ್ನ ಉಚಿತವಾಗಿ ಇಡಬಹುದು.

"ನೀರು, ಒಳಚರಂಡಿ, ಪಾರ್ಕಿಂಗ್ ಕತೆ ಏನು?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಆದರೆ ನಾವು ಈಗಲೇ ಇಲ್ಲೇ ಸ್ನಾನ ಮಾಡ್ತಿದ್ದೀವಿ, ಗೇಟಿನ ಹೊರಗೇ ಬೈಕ್ ನಿಲ್ಲಿಸ್ತಿದ್ದೀವಿ. ಭಾರ ಆಗಲೇ ಬಿದ್ದಿದೆ, ಲೆಕ್ಕದಲ್ಲಿ ಇಲ್ಲ ಅಷ್ಟೆ. ಲೆಕ್ಕಕ್ಕೆ ಬಂದರೆ ತಾನೇ ಪೈಪಿನ ಸೈಜು ನಿರ್ಧರಿಸೋಕಾಗೋದು?

ನಾಳೆ ಇಂಥ ಪ್ಲಾನ್‌ಗಳಿಗೆ ಸಹಿ ಹಾಕೋರು ನಮ್ಮಲ್ಲೇ ಕೆಲವರು. ಅಲ್ಲಿವರೆಗೆ ಒಂದು ಕೆಲಸ ಮಾಡಿ. ಇವತ್ತು ರೂಮಿಗೆ ಹೋದಾಗ ಟೇಪ್ ಹಿಡಿದು ಒಂದ್ಸಲ ಅಳೆದು ನೋಡಿ.