ಪರಭಾಷೆಯ ಹೊಸ್ತಿಲಲ್ಲಿ

ಕೆಲಸ ಬಲ್ಲವನು ಎಲ್ಲಿ ಹೋದರೂ ಬದುಕಿಕೊಳ್ಳುತ್ತಾನೆ ಎಂದು ಹಿರಿಯರು ಹೇಳುವುದುಂಟು. ಆದರೆ ಕೈಗೆ ಕೆಲಸ ಗೊತ್ತಿದ್ದು, ಬಾಯಿಗೆ ಆ ನಾಡಿನ ಭಾಷೆ ಬಾರದಿದ್ದರೆ ಅವನ ಗತಿಯೇನು?

2008ರಲ್ಲಿ, ಎರಡು ಸರ್ಕಾರಗಳ ಒಪ್ಪಂದದಂತೆ, ಇಂಡೋನೇಷಿಯಾದ ದಾದಿಯರ ಮೊದಲ ತಂಡವು ಜಪಾನಿಗೆ ಹೋಯಿತು. ಅವರು ತಮ್ಮ ನಾಡಿನಲ್ಲಿ ಶಿಕ್ಷಣ ಪಡೆದು, ರೋಗಿಗಳ ಆರೈಕೆಯಲ್ಲಿ ಪಳಗಿದವರು. ಆದರೆ ಜಪಾನಿನಲ್ಲಿ ದಾದಿ ಎನಿಸಿಕೊಳ್ಳಲು ಅಲ್ಲಿನ ರಾಷ್ಟ್ರೀಯ ಪರೀಕ್ಷೆಯನ್ನು ಜಪಾನೀ ಭಾಷೆಯಲ್ಲಿಯೇ ಬರೆದು ತೇರ್ಗಡೆಯಾಗಬೇಕಾಗಿತ್ತು. ಅವರಿಗೆ ದೊರೆತ ಭಾಷಾ ತರಬೇತಿ ಸುಮಾರು ಆರು ತಿಂಗಳು. ಪರೀಕ್ಷೆಗೆ ಇದ್ದ ಅವಧಿ ಮೂರು ವರ್ಷ. ಅಲ್ಲಿಯವರೆಗೆ ಆ ನುರಿತ ಕೈಗಳು ಸಹಾಯಕರ ಕೆಲಸವನ್ನಷ್ಟೇ ಮಾಡಬಹುದಾಗಿತ್ತು.

2009ರಲ್ಲಿ ಪರೀಕ್ಷೆಗೆ ಕುಳಿತ 82 ಮಂದಿಯಲ್ಲಿ ಒಬ್ಬರೂ ತೇರ್ಗಡೆಯಾಗಲಿಲ್ಲ. ಮರುವರ್ಷ ಫಿಲಿಪೀನ್ಸಿನವರೂ ಸೇರಿ 254 ಮಂದಿ ಬರೆದರು. ತೇರ್ಗಡೆಯಾದವರು ಮೂವರು ಮಾತ್ರ. ಇವರೆಲ್ಲ ದಡ್ಡರೇ? ಖಂಡಿತ ಅಲ್ಲ. ಬಹುಕಾಲ ಮಲಗಿದ ರೋಗಿಯ ಬೆನ್ನಿನಲ್ಲಿ ಏಳುವ ಹಾಸಿಗೆ ಹುಣ್ಣನ್ನು ಅವರು ನೋಡಿದೊಡನೆಯೇ ಗುರುತಿಸಬಲ್ಲರು. ಅದರ ಆರೈಕೆಯನ್ನೂ ಬಲ್ಲರು. ಆದರೆ ಆ ಹುಣ್ಣಿನ ಹೆಸರನ್ನು ಸೂಚಿಸುವ ಲಿಪಿಚಿಹ್ನೆಗಳು ಜಪಾನೀಯರಿಗೇ ಕಠಿಣವಾಗಿದ್ದವು. ವಿದ್ಯೆಯಿದ್ದೂ ಅವರು ಅಕ್ಷರ ಕಲಿಯುವ ಮಕ್ಕಳಂತಾದರು.

ಹಾಗಾದರೆ ಭಾಷೆಯ ನಿಬಂಧನೆಯನ್ನೇ ಕೈಬಿಡಬೇಕೆ? ಕೂಡದು. ನಡುರಾತ್ರಿಯಲ್ಲಿ ನರಳುವ ರೋಗಿಯು ತನ್ನ ನೋವನ್ನು ತನ್ನ ನುಡಿಯಲ್ಲಿಯೇ ಹೇಳುತ್ತಾನೆ. ವೈದ್ಯರು ಬರೆದ ಒಂದು ಪದವನ್ನು ತಪ್ಪಾಗಿ ಓದಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಭಾಷೆಯನ್ನು ಕೇಳುವುದು ನ್ಯಾಯವೇ ಸರಿ. ಆದರೆ ಎತ್ತರದಲ್ಲಿ ಬಾಗಿಲಿರಿಸಿದವರು ಮೆಟ್ಟಿಲನ್ನೂ ಕಟ್ಟಿಸಬೇಕು. ಜಪಾನು ಇದನ್ನು ತಡವಾಗಿಯಾದರೂ ಅರಿತುಕೊಂಡಿತು. ಪ್ರಶ್ನೆಗಳಲ್ಲಿನ ಕ್ಲಿಷ್ಟ ಪದಗಳನ್ನು ಸರಳಗೊಳಿಸಿತು. ರೋಗಗಳ ಹೆಸರುಗಳ ಜೊತೆಗೆ ಇಂಗ್ಲಿಷ್ ಹೆಸರುಗಳನ್ನು ಕೊಟ್ಟಿತು. 2012ರಲ್ಲಿ 47 ಮಂದಿ ತೇರ್ಗಡೆಯಾದರು. 2013ರಿಂದ ಎಲ್ಲ ಚಿಹ್ನೆಗಳಿಗೂ ಉಚ್ಚಾರಣೆಯನ್ನು ಸೂಚಿಸಿ, ವಿದೇಶೀಯರಿಗೆ ಹೆಚ್ಚು ಸಮಯವನ್ನು ನೀಡಲಾಯಿತು. ಓದುವ ಕಷ್ಟವನ್ನು ತಗ್ಗಿಸಿದರೇ ಹೊರತು ವೃತ್ತಿಜ್ಞಾನದ ಮಟ್ಟವನ್ನು ಇಳಿಸಲಿಲ್ಲ.

ಕಲಿಯುವವರಿಗೂ ಕರ್ತವ್ಯವುಂಟು. ಮೊದಲು ತಮ್ಮ ಕೆಲಸಕ್ಕೆ ಬೇಕಾದ ಮಾತುಗಳನ್ನು ಗುರುತು ಮಾಡಿಕೊಂಡು, ದಿನಕ್ಕೆ ಕೆಲವನ್ನಾದರೂ ಕಲಿಯಬೇಕು. ತಪ್ಪು ನುಡಿದರೆ ನಗುವರೆಂದು ಅಂಜಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಅರ್ಥವಾಗದಿದ್ದರೂ ತಲೆಯಾಡಿಸುವ ಅಭ್ಯಾಸವನ್ನು ಬಿಡಬೇಕು. ‘ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ’ ಎಂಬ ಮಾತನ್ನೇ ಪರಭಾಷೆಯಲ್ಲಿ ಮೊದಲು ಕಲಿಯುವುದು ಲೇಸು.

ನಾಳೆ ನಿಮ್ಮಲ್ಲಿಯೂ ಕೆಲವರು ದೂರದೇಶದಲ್ಲಿ ದುಡಿಯಬಹುದು. ಉಳಿದವರ ಪಕ್ಕದಲ್ಲಿ ದೂರದಿಂದ ಬಂದವರು ದುಡಿಯಬಹುದು. ತಡವರಿಸುವ ನಾಲಗೆಯ ಹಿಂದೆ ಬಲ್ಲಿದ ಮನಸ್ಸು ಇರಬಹುದೆಂಬುದನ್ನು ಇಬ್ಬರೂ ಮರೆಯಬಾರದು.